ಹಳೆಯ ಕಿಟಕಿಯ ಫೋಟೋ

ಜುಲೈ ತಿಂಗಳ ಕರೆಂಟು ಬಿಲ್ಲನ್ನು ಉಮ್ ಯಾಕೂಬ್
ಎರಡೇ ಬೆರಳಲ್ಲಿ ಹಿಡಿದು ತಂದರು,
ಸತ್ತ ಜಿರಳೆಯನ್ನು ತಂದ ಹಾಗೆ.
ಬಾಡಿಗೆಯೊಳಗೇ ಕರೆಂಟೂ ಸೇರಿದ ಮನೆ ಇದು:
ನಾವು ತಣ್ಣಗಿದ್ದಷ್ಟೂ ಅವರಿಗೆ ಬಿಸಿ.

ಜೋಡಿ ಗಾಜು ಹಾಕಿಸಿದರೆ
ಕಂಪನಿಯವರು ದುಡ್ಡು ವಾಪಸು ಕೊಡುತ್ತಾರಂತೆ,
ಕಿಟಕಿಗೆ ಇಪ್ಪತ್ತು ದಿನಾರು.
ನಿನಗೆ ಇಂಗ್ಲಿಷು ಬರುತ್ತದಲ್ಲ, ಫಾರಂ ತುಂಬು ಅಂದರು.
ನನಗೆ ಬರುವುದು ಅಬಾಯಾ ಅಳತೆಯ ಇಂಗ್ಲಿಷು,
ಉದ್ದ, ಅಗಲ, ತೋಳು, ಕಂಕುಳು.
ಕಿಟಕಿಗೆ ಅಷ್ಟು ಸಾಕಾಯಿತು,
ಕಂಕುಳೊಂದು ಬಿಟ್ಟು.

ಹೊಲಿಗೆ ಟೇಪು ಹಿಡಿದು ಅಳೆದೆ.
ಮುಹರ್ರಕ್‌ನ ಓಣಿಗೆ ಮುಖ ಮಾಡಿದ ಮೂರು ಕಿಟಕಿ,
ಒಂಟಿ ಗಾಜು, ಸಡಿಲ ಚೌಕಟ್ಟು,
ಸಂದಿಯಲ್ಲಿ ನಮಗಿಂತ ಮೊದಲಿದ್ದವರು ತುರುಕಿದ
ಮಲಯಾಳಂ ಪೇಪರು.

ಗಾಜಿನ ಹೊರಮೈ ಬೆವರುತ್ತದೆಯೇ, ಕೇಳಿತು ಫಾರಂ.
ಬೆವರುತ್ತದೆ ಮಾರಾಯ.
ಒಳಗೆ ಏಸಿ, ಹೊರಗೆ ಕಡಲಿನ ಉಸಿರು,
ಬೆಳಗಿನ ಜಾವಕ್ಕೆ ಗಾಜೆಲ್ಲ
ಅಕ್ಕಿ ತೊಳೆದ ನೀರಿನ ಬಣ್ಣ.
ಇದು ನಷ್ಟದ ಗುರುತು ಎಂದು
ಕೆಳಗೆ ಸಣ್ಣಕ್ಷರದಲ್ಲಿ ಬರೆದಿತ್ತು.

ಆ ನಷ್ಟದ ಮೇಲೆ ಬೆರಳಲ್ಲಿ
ವಾಮನ ಬರೆಯುತ್ತಿದ್ದ.
ಅಲ್ಯೂಮಿನಿಯಂ ಕುಲುಮೆಯ ರಾತ್ರಿಪಾಳಿ ಮುಗಿದು
ನಾಲ್ಕೂವರೆಗೆ ಬಸ್ಸು ಇಳಿಸುತ್ತದೆ.
ನಾನು ಹನ್ನೆರಡರ ತನಕ ಹೊಲಿದು ಮಲಗಿದವಳು,
ಎಬ್ಬಿಸುವುದಿಲ್ಲ. ಬೂಟು ಬಿಚ್ಚಿ
ನನ್ನ ಅಲಾರಂ ಆಗುವವರೆಗೆ ಮೆಟ್ಟಿಲ ಮೇಲೆ ಕೂರುತ್ತಾನೆ.
ಕೂರುವ ಮುಂಚೆ ಗಾಜಿಗೆ: ಬಂದೆ.

ಒಳಗಿಂದ ಅದು ತಿರುಗುಮುರುಗು.
ಮೂರು ವರ್ಷದಲ್ಲಿ ನಾನು ಕನ್ನಡವನ್ನು
ಬೆನ್ನಿನ ಕಡೆಯಿಂದ ಓದಲು ಕಲಿತೆ.
ನಡುವಿನ ಸೊನ್ನೆ ಮಾತ್ರ
ಆಚೆಯಿಂದಲೂ ಈಚೆಯಿಂದಲೂ ಸೊನ್ನೆಯೇ.
ಒಂದೊಂದು ದಿನ: ಹಾಲಿಲ್ಲ.
ಒಮ್ಮೆ: ಕೈ ಸುಟ್ಟಿತು, ಸ್ವಲ್ಪ.
ಜಗಳವಾಡಿದ ವಾರ ಬರೀ ಒಂದು ಗೆರೆ,
ಅದರ ತುದಿಯಿಂದ ನೀರು ತಾನೇ ಇಳಿದು
ಇನ್ನೊಂದು ಗೆರೆ.

ಹಳೆ ಕಿಟಕಿಯ ಫೋಟೋ ಬೇಕು, ಬೆಳಗಿನ ಹೊತ್ತಿನದು.
ತೆಗೆದು ಕಳಿಸಿದೆ.
ಆಫೀಸಿನಿಂದ ಒಬ್ಬಳು ಫೋನು ಮಾಡಿದಳು,
ಗಾಜಿನ ಮೇಲೆ ಏನದು, ಬಿರುಕೇ?
ಬಿರುಕಿಗೆ ಬೇರೆ ಫಾರಂ.
ಬಿರುಕಲ್ಲ, ಬರಹ ಅಂದೆ.
ಏನಂತ?
ಹಾಲಿಲ್ಲ ಅಂತ.
ಆ ಕಡೆ ಒಂದು ಗಳಿಗೆ ಸದ್ದಿಲ್ಲ,
ಆಮೇಲೆ ಕೀಬೋರ್ಡಿನ ಟಕಟಕ.
ಏನು ಬರೆದುಕೊಂಡಳೋ.

ಫಿಟ್ಟರ್ ಗುಲ್ಫರಾಜ್ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ.
ಹಳೆ ಗಾಜುಗಳನ್ನು ಕಂಬಳಿಯಲ್ಲಿ ಸುತ್ತಿ
ಕೂಸನ್ನು ಒಯ್ಯುವಂತೆ ಪಿಕಪ್ಪಿಗೆ ಒಯ್ದ.
ಎರಡು ಗಾಜಿನ ನಡುವೆ ಏನಿದೆ, ಕೇಳಿದೆ.
ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ ಬಾಜಿ,
ಅದಕ್ಕೇ ದುಡ್ಡು ಅಂದ.

ಅರವತ್ತು ದಿನಾರು ಬಂತು.
ಉಮ್ ಯಾಕೂಬ್ ಅದರಲ್ಲಿ ಐದನ್ನು
ಖರ್ಜೂರದ ಡಬ್ಬಿಯೊಳಗಿಟ್ಟು ನನಗೆ ಕೊಟ್ಟರು,
ಖರ್ಜೂರವನ್ನೂ ಬಿಟ್ಟು.

ಈಗ ಐದು ಗಂಟೆಗೆ ಗಾಜು ಒಣಗಿದೆ, ನಿಚ್ಚಳ,
ಇಲ್ಲವೇ ಇಲ್ಲವೆಂಬ ಹಾಗೆ.
ಮೊದಲ ದಿನ ವಾಮನ ಬೆರಳಿಟ್ಟ,
ಎತ್ತಿದ, ಬೆರಳನ್ನೇ ನೋಡಿಕೊಂಡ.
ಆ ಹೊತ್ತಿನ ಅವನನ್ನು ನಾನು ಕಂಡೇ ಇರಲಿಲ್ಲ:
ಬೂಟಿನ ಪಕ್ಕ ಬೂಟಿನ ಹಾಗೇ ಬಿದ್ದುಕೊಂಡು
ಬಾಯಿ ತೆರೆದು ನಿದ್ದೆ,
ಹುಬ್ಬಿನ ಮೇಲೆ ಬೂದಿ,
ಓಣಿಯ ಬೆಕ್ಕು ಅವನ ಕಾಲ್ಚೀಲ ಮೂಸುತ್ತಿದೆ.
ಮೂರು ವರ್ಷ ಒಂದು ಪದ ಓದಿ
ಮಗ್ಗುಲಾಗಿದ್ದೆನಲ್ಲ.

ಗಾಜಿಗೆ ಬಾಯಿ ಹಚ್ಚಿ ಉಸಿರು ಬಿಟ್ಟೆ.
ಅವನಿಗೆ ನೆಟ್ಟಗೆ ಕಾಣಲೆಂದು ತಿರುಗುಮುರುಗಾಗಿ
ಕೊನೆಯಿಂದ ಶುರು ಮಾಡಿದೆ.
ಸೊನ್ನೆಗೆ ಬರುವಷ್ಟರಲ್ಲಿ ಉಸಿರು ಆರಿತು.
ಅವನೂ ಎದ್ದಿರಲಿಲ್ಲ.

ಚಿಲಕ ತೆಗೆದೆ, ಅಲಾರಂಗಿಂತ ಮುಂಚೆ.
ಓಣಿಯ ಸೆಕೆ ಹಸಿ ಬಟ್ಟೆಯ ಹಾಗೆ ಮುಖಕ್ಕೆ ಬಡಿಯಿತು.
ಚಾ ಇಡಲೇ, ಕೇಳಿದೆ.
ಹಾಲು ಇತ್ತು.